ಕನ್ನಡ ವರ್ಗದ ಹದಿನೇಳು ಹುಡುಗಿಯರು

ಹಾಜರಿಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಕೋಣೆಯಲ್ಲಿ ಕೂತವರು ಹದಿನೇಳು. ಉಳಿದ ಹದಿನಾಲ್ಕು ಹೆಸರುಗಳ ಮುಂದೆ ಅಂಬಾ ದೀಪಾವಳಿಯಿಂದ ಸೊನ್ನೆ ಬರೆಯುತ್ತ ಬಂದಿದ್ದಳು. ಊರಿಗೆ ಹೋದವರು ಚಂಪಾಷಷ್ಠಿಗೆ ಜೇಜುರಿಯ ಖಂಡೋಬನ ದರ್ಶನ ಮಾಡಿಕೊಂಡು ಅಲ್ಲಿಂದಲೇ ಪುಣೆಗೆ ಬರುತ್ತೇವೆಂದು ಹೇಳಿ ಹೋಗಿದ್ದರು. ಅವರ ಮಾತನ್ನು ಅವಳು ನಂಬಿದ್ದಳು.

ಶಾಲೆ ನಗರಸಭೆಯದು, ಹೆಣ್ಣುಮಕ್ಕಳದು. ಏಳನೆಯ ಇಯತ್ತೆಯವರೆಗೆ ಎಲ್ಲ ಮರಾಠಿ. ವಿಜಾಪುರದ ಕಡೆಯಿಂದ ಕಲ್ಲು ಒಡೆಯಲು, ಸುಣ್ಣದ ಭಟ್ಟಿಯಲ್ಲಿ ದುಡಿಯಲು ಬಂದವರ ಮಕ್ಕಳಿಗೆಂದು ಮೂರು ವರ್ಷದ ಹಿಂದೆ ಹಿತ್ತಿಲ ಕಡೆಯ ಕೋಣೆಯಲ್ಲಿ ಒಂದು ಕನ್ನಡ ವರ್ಗ ತೆರೆದಿದ್ದರು. ಮೂರು, ನಾಲ್ಕು, ಐದು, ಆರು ಇಯತ್ತೆಗಳೂ ಅದೊಂದೇ ಕೋಣೆಯಲ್ಲಿ. ಕೆಲವರು ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಬರುತ್ತಿದ್ದರು. ಕೂಸು ಬೇಡವೆಂದರೆ ಹುಡುಗಿಯೂ ಬರುತ್ತಿರಲಿಲ್ಲ. ಕಲಿಸುವವಳು ಅಂಬಾ ಒಬ್ಬಳೇ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಈಗ ತಮ್ಮನ ಮನೆಯಲ್ಲಿದ್ದಳು.

ಕಾರ್ತಿಕದ ಕೊನೆಗೆ ಶಾಲೆಯ ಮುಖ್ಯ ಶಿಕ್ಷಕಿ ಗೌರಾಬಾಯಿ ಅವಳನ್ನು ಕರೆಸಿದಳು. ಮರಾಠಿಯವಳು, ಕಟು ಮಾತಿನವಳು, ಆದರೆ ಮೋಸದವಳಲ್ಲ.

“ಮಾರ್ಗಶಿರ ಹುಣ್ಣಿಮೆಯ ಮಾರನೆ ದಿನ ತಪಾಸಣೆ ಇದೆ, ಬಾಯಿ. ಇಪ್ಪತ್ತೈದು ಹುಡುಗಿಯರಿಲ್ಲದ ವರ್ಗ ಮುಚ್ಚುತ್ತಾರಂತೆ. ಪಟ್ಟಿಯಲ್ಲಿದ್ದವರಲ್ಲಿ ಅರ್ಧ ಜನ ಪಾಸಾಗದ ವರ್ಗವನ್ನೂ ಮುಚ್ಚುತ್ತಾರಂತೆ. ಗೈರುಹಾಜರಾದವರು ನಾಪಾಸು ಅಂತಲೇ ಲೆಕ್ಕ.”

“ಹಾಗಾದರೆ ಹದಿನಾಲ್ಕು ಜನರ ಹೆಸರು ಹೊಡೆಯಬೇಕೆ?”

“ಇಟ್ಟರೆ ಫಲಿತಾಂಶ ಬೀಳುತ್ತದೆ. ಹೊಡೆದರೆ ಸಂಖ್ಯೆ ಬೀಳುತ್ತದೆ. ಯಾವುದರಿಂದ ಬೀಳುತ್ತೀರಿ, ನೀವೇ ನೋಡಿ.”

ಗೌರಾಬಾಯಿ ಪ್ರವೇಶದ ದೊಡ್ಡ ಪುಸ್ತಕವನ್ನು ಅಂಬಾಳ ಕಡೆ ತಿರುಗಿಸಿದಳು.

“ಇಲ್ಲಿ ನೋಡಿ. ಮನೆಯಲ್ಲಿ ಕನ್ನಡ ಮಾತಾಡುವವರು ನನ್ನ ಮರಾಠಿ ವರ್ಗಗಳಲ್ಲೇ ಹತ್ತು ಹನ್ನೆರಡು ಜನ ಇದ್ದಾರೆ. ಎಲ್ಲರ ಅಪ್ಪಂದಿರೂ ಮಾತೃಭಾಷೆ ಮರಾಠಿ ಅಂತ ಬರೆಸಿದ್ದಾರೆ. ತಪಾಸಣೆಯ ದಿನ ಎಂಟು ಜನ ಸಾಹೇಬರೆದುರು ಎದ್ದು ನಿಂತು ನಮ್ಮ ಮನೆಮಾತು ಕನ್ನಡ ಅಂದರೆ ಸಾಕು, ಅವರನ್ನು ನಿಮ್ಮ ವರ್ಗಕ್ಕೆ ಬರೆದುಕೊಳ್ಳುತ್ತೇನೆ. ಎಂಟೂ ಜಾಣ ಹುಡುಗಿಯರು. ಸಂಖ್ಯೆಯೂ ಆಯಿತು, ಫಲಿತಾಂಶವೂ ಆಯಿತು.”

“ನಿಲ್ಲುತ್ತಾರೆಯೆ?”

“ಒಬ್ಬಳು ಎದ್ದರೆ ಉಳಿದವರು ಏಳುತ್ತಾರೆ. ಆರನೆಯ ಇಯತ್ತೆಯಲ್ಲಿ ಮೊದಲನೆಯ ನಂಬರಿನವಳು ಏಳಬೇಕು.” ಗೌರಾಬಾಯಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ನಿಮ್ಮ ಮನೆಯವಳೇ.”

ಭಾಮಾ, ತಂದೆ ರಾಘವೇಂದ್ರ, ಮಾತೃಭಾಷೆ ಮರಾಠಿ. ತಮ್ಮ ರಾಘಣ್ಣ ಲಷ್ಕರಿನ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತ. ಸಾಲಿನ ಕೊನೆಗೆ ಅವನ ಸಹಿ; ಆ ಮುತ್ತಿನಂಥ ಅಕ್ಷರಗಳನ್ನು ಅಂಬಾ ಅವನ ಐದನೆಯ ವಯಸ್ಸಿನಿಂದ ಬಲ್ಲವಳು. ಕೈ ಹಿಡಿದು ತಿದ್ದಿಸಿದವಳೇ ಅವಳು.

ಆ ಸಂಜೆ ಮನೆಗೆ ಬಂದವಳು ಎಂದಿನಂತೆ ಹಿತ್ತಿಲ ನಲ್ಲಿಯ ಕೆಳಗೆ ತಣ್ಣೀರು ಹೊಯ್ದುಕೊಂಡಳು. ಸುಣ್ಣದ ಭಟ್ಟಿಯವರ ಮಕ್ಕಳನ್ನು ಮುಟ್ಟಿ ಬಂದವಳು ಮೀಯದೆ ಅಡಿಗೆಮನೆಗೆ ಬರುವಂತಿಲ್ಲವೆಂದು ನಾದಿನಿ ನರ್ಮದಾ ಮೊದಲ ವರ್ಷವೇ ಹೇಳಿದ್ದಳು. ಒದ್ದೆ ಕೂದಲು ಕಟ್ಟಿ ಒಳಗೆ ಬಂದಾಗ ರಾಘಣ್ಣ ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಭಾಮಾ. ಗೋಡೆಗೆ ಒರಗಿ ಅಂಬಾ, ರಾಘಣ್ಣರ ತಾಯಿ ಜಪಮಣಿ ಎಣಿಸುತ್ತ ಎಲ್ಲರ ಎಲೆಯ ಮೇಲೂ ಕಣ್ಣಿಟ್ಟಿದ್ದಳು.

“ರಾಘೂ, ಭಾಮಾನ ಮಾತೃಭಾಷಾ ಮರಾಠಿ ಅಂತ ಬರಸೀ?”

ರಾಘಣ್ಣ ಸಾರು ಕಲಸುತ್ತ, “ಬರಸೀನಿ. ಏನೀಗ?” ಎಂದ.

“ಆಕಿ ಮಾತೃ ಯಾರು? ಈ ನರ್ಮದಾನ ಹೌದಲ್ಲೋ? ನರ್ಮದಾಗ ಮರಾಠಿ ಒಳಗ ಭಾಜಿ ಕೊಳ್ಳಿಕ್ಕೂ ಬರೂದಿಲ್ಲ.”

“ಅಂಬಕ್ಕಾ, ನನ್ನ ಹೆಸರ್ಯಾಕ ತರ್ತೀರಿ?” ನರ್ಮದಾ ಸೌಟು ಹಿಡಿದೇ ಬಂದಳು. “ನಾ ಬೆರಳು ತೋರಿಸಿ ಕೊಳ್ತೀನಿ. ಬದನಿಕಾಯಿ ಬದನಿಕಾಯೀನ ಬರ್ತದ.”

“ಅಕ್ಕಾ, ಇದು ಪುಣೆ,” ಎಂದ ರಾಘಣ್ಣ. “ಕನ್ನಡ ಅಂತ ಬರಸಿದ್ರ ಈಕೀನೂ ನಿನ್ನ ಆ ಹಿತ್ತಲ ಕೋಣ್ಯಾಗ ಕೂಡಿಸ್ತಿದ್ರು. ಕಲ್ಲ ಒಡಿಯೋರ ಹುಡುಗೀರ ನಡುವ.”

“ನಾ ಅಲ್ಲೇ ಕೂಡ್ತೀನಲ್ಲಪಾ ದಿನಾ.”

“ನಿನಗ ಪಗಾರ ಕೊಡ್ತಾರ.”

“ಇನ್ನ ಎಷ್ಟು ದಿನ? ಹುಡುಗೀರು ಕಡಿಮಿ ಆದ್ರ ವರ್ಗಾ ಮುಚ್ಚತಾರಂತ.”

ಮುದುಕಿ ಜಪ ನಿಲ್ಲಿಸಿದಳು. “ಏನಂತಾಳ ಆಕಿ?”

“ಸಾಲಿ ಮುಚ್ಚತದಂತ, ಅವ್ವಾ!” ರಾಘಣ್ಣ ಕೂಗಿ ಹೇಳಿದ.

“ಮುಚ್ಚಲಿ ಬಿಡು. ಮೂರು ವರ್ಷದಿಂದ ನನಗ ಬಿಸಿ ಭಕ್ರಿ ಸಿಕ್ಕಿಲ್ಲ.”

ಭಾಮಾ ನಕ್ಕಳು. ಅಂಬಾಗೂ ನಗು ಬಂತು. ವಿಧವೆಗೆ ರಾತ್ರಿ ಊಟವಿಲ್ಲ. ಒಂದು ಹಿಡಿ ಅವಲಕ್ಕಿಗೆ ಮಜ್ಜಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತು, ಎಂಟು ಹುಡುಗಿಯರ ಮಾತು ಹೇಳಿದಳು. ರಾಘಣ್ಣ ಬೇಡ ಎಂದ, ಒಲೆಯ ಕಡೆಯಿಂದ ನರ್ಮದಾಳೂ ಬೇಡ ಎಂದಳು. ಭಾಮಾ ಬೇಗ ಕೈ ತೊಳೆದು ಎದ್ದಳು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅಂಬಾ ಮನೆಮನೆ ತಿರುಗಿದಳು. ಮೊದಲು ಹೋದದ್ದು ಮೆಣಸಿನಕಾಯಿ ವ್ಯಾಪಾರಿ ಶಿವರುದ್ರಪ್ಪನ ಮನೆಗೆ. ಅವನ ಮಗಳು ಸಾವಂತ್ರವ್ವ ಭಾಮಾಳ ಬೆಂಚಿನಲ್ಲೇ ಕೂಡುವವಳು. ಶಾಲೆಯಲ್ಲಿ ಅವಳ ಹೆಸರು ಸಾವಿತ್ರಿ ಆಗಿತ್ತು.

“ಬರ್ರಿ ಬರ್ರಿ ಬಾಯಾರ,” ಎಂದು ಶಿವರುದ್ರಪ್ಪನ ಹೆಂಡತಿ ಚನ್ನಬಸವ್ವ ಚಾಪೆ ಹಾಸಿದಳು. “ನೀವು ನಮ್ಮನ್ಯಾಗ ನೀರ ಸೈತ ಮುಟ್ಟಂಗಿಲ್ಲ, ಗೊತ್ತೈತಿ. ಬಾಳಿಹಣ್ಣ ಆದ್ರೂ ತಗೋರಿ. ಅದಕ್ಕ ಸಿಪ್ಪಿ ಐತಿ.”

ಶಿವರುದ್ರಪ್ಪ ಎಲ್ಲ ಕೇಳಿಸಿಕೊಂಡು ಮೂಗು ಒರೆಸಿದ. ಮನೆ ತುಂಬ ಮೆಣಸಿನಕಾಯಿ ಘಾಟು.

“ನೀವ ಹೇಳೂದು ಖರೇ ಐತ್ರಿ. ಮನ್ಯಾಗ ಕನ್ನಡಾನ ಆಡ್ತೀವಿ, ದೇವರ ಮುಂದ ಕನ್ನಡಾನ ಹಾಡ್ತೀವಿ. ಆದ್ರ ಅಂಗಡ್ಯಾಗ ಬೋರ್ಡ ಯಾವ ಭಾಷಾದಾಗ ಹಾಕೀನಿ, ನೋಡೀರೇನ್ರಿ? ನಿಮ್ಮ ಭಾಮಾಬಾಯಿ ಎದ್ದು ನಿಂದ್ರಲಿ. ಅಕಿ ನಿಂತ್ರ ನಮ್ಮ ಹುಡುಗೀನೂ ನಿಂದ್ರತಾಳ. ಗಂಡಸಿನ ಮಾತ್ರಿ ಇದು.”

ಉಳಿದ ಮನೆಗಳಲ್ಲೂ ಇದೇ ಮಾತು. ಅಂಚೆ ಕಚೇರಿಯ ಗುಮಾಸ್ತರ ಮನೆಯಲ್ಲಿ, ಸೀರೆ ಅಂಗಡಿಯ ಗೂಳಪ್ಪನ ಮನೆಯಲ್ಲಿ, ಎಲ್ಲರೂ ಕನ್ನಡದಲ್ಲೇ ಉಪಚಾರ ಮಾಡಿ ಕನ್ನಡದಲ್ಲೇ ಅವಳ ಮನೆಯ ಕಡೆ ಕೈ ತೋರಿಸಿದರು. ನಿಮ್ಮ ಮನೆಯ ಹುಡುಗಿ ಮೊದಲು ಎದ್ದು ನಿಲ್ಲಲಿ.

ಭಾನುವಾರ ಅವಳು ಕಾಲುವೆ ದಂಡೆಗೆ ಹೋದಳು. ಸುಣ್ಣದ ಭಟ್ಟಿಗಳ ಹಿಂದೆ ಭಟ್ಟಿಯವರ ಗುಡಿಸಲುಗಳು. ಕಲ್ಲವ್ವ ಎಂಬ ಹೆಂಗಸು ಊರಿಗೆ ಹೋಗದೆ ಇಲ್ಲೇ ಉಳಿದವರಲ್ಲೊಬ್ಬಳು. ಅವಳ ಮಗಳು ಪಾರವ್ವ ಹದಿನೇಳರಲ್ಲಿ ಒಬ್ಬಳು.

“ಕುಂದರ್ರಿ ಬಾಯಾರ. ಆ ಕಲ್ಲಿನ ಮ್ಯಾಲ ಕುಂದರ್ರಿ. ಕಲ್ಲಿಗೆ ಮೈಲಿಗಿ ಇಲ್ಲ.”

“ನಿಮ್ಮವ್ರು ಯಾವಾಗ ಬರ್ತಾರ, ಕಲ್ಲವ್ವ?”

“ಷಷ್ಠಿ ಆದಿಂದ ಐದ ದಿನದಾಗ ಬರ್ತಾರ್ರಿ.”

“ಖಂಡಿತ?”

“ಖಂಡೋಬನ ಆಣಿ ಐತ್ರಿ. ಭಂಡಾರ ಹಚಿಗೊಂಡು ಸೀದಾ ನಿಮ್ಮ ಸಾಲಿಗೇ ಬರ್ತಾವ ಹುಡುಗ್ರು.” ಕಲ್ಲವ್ವ ಮಗಳ ಕಡೆ ತಿರುಗಿದಳು. “ಏ ಪಾರಿ, ಬಾಯಾರಿಗೆ ಮಗ್ಗಿ ಹೇಳ.”

ಪಾರವ್ವ ಕೂಸನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಸರಿಸಿ ಹದಿಮೂರರ ಮಗ್ಗಿ ಹೇಳಿದಳು. ಎಲ್ಲೂ ತಪ್ಪಲಿಲ್ಲ. ಹದಿಮೂರು ಒಂಬತ್ತಲೆ ಎನ್ನುವಾಗ ಕೂಸು ಅವಳ ಮೂಗು ಹಿಡಿಯಿತು, ಆಗಲೂ ತಪ್ಪಲಿಲ್ಲ.

ಚಂಪಾಷಷ್ಠಿ ಬಂತು, ಹೋಯಿತು. ಆ ದಿನಗಳಲ್ಲಿ ಅಂಬಾ ಬೆಳಿಗ್ಗೆ ಒಂದು ತಾಸು ಮೊದಲೇ ಶಾಲೆಗೆ ಹೋಗಿ ಹದಿನೇಳು ಜನರಿಗೆ ಉಕ್ತಲೇಖನ ಹಾಕಿಸಿದಳು. ಅದರಿಂದ ಮಡಿನೀರು ತರುವುದು, ರುಬ್ಬುವುದು, ಮುದುಕಿಗೆ ಎಣ್ಣೆ ಹಚ್ಚುವುದು ಎಲ್ಲ ನರ್ಮದಾಳ ಮೇಲೆ ಬಿತ್ತು. ಒಂದು ಬೆಳಿಗ್ಗೆ ಅವಳು ತುಂಬಿದ ಕೊಡವನ್ನು ಅಂಬಾಳ ಮುಂದೆ ಕುಕ್ಕಿದಳು.

“ಅಂಬಕ್ಕಾ, ಒಂದ ಮಾತ ಹೇಳ್ರಿ. ಆ ಹುಡುಗೀರು ನಿಮಗೇನಾಗಬೇಕು?”

“ಏನೂ ಆಗಬೇಕಿಲ್ಲ.”

“ಮತ್ತ್ಯಾಕ ಇಷ್ಟ ಜೀವಾ ತೇಯ್ತೀರಿ? ಸಾಲಿ ಹೋದ್ರ ನಾವೇನು ನಿಮ್ಮನ್ನ ಹೊರಗ ಹಾಕ್ತೀವೇನು? ಎರಡು ಹೊತ್ತು…” ಎಂದವಳು ತಡೆದಳು. “ಒಂದ ಹೊತ್ತಿನ ಊಟಕ್ಕ ನಾವೇನು ಕಡಿಮಿ ಮಾಡೇವೇನು?”

“ಇಲ್ಲವಾ.”

“ನಿಮಗೆ ದಿನಾ ಹೋಗ್ಲಿಕ್ಕೆ ಒಂದು ಜಾಗಾ ಅದ. ಬಾಯಾರ ಬಾಯಾರ ಅಂತ ಹಿಂದ ಬರ್ತಾವ ಹುಡುಗ್ರು. ನನಗೆಲ್ಲಿ ಅದ? ಹದಿಮೂರು ವರ್ಷ ಆತು ಈ ವಾಡೇಕ್ಕ ಬಂದು. ಬಾಜೂ ಮನಿಯಾಕಿ ‘ಜೇವಣ ಝಾಲಂ ಕಾ’, ಊಟಾ ಆತೇನು, ಅಂತಾಳ, ನಾ ‘ಹೋ’ ಅಂತೀನಿ. ಅಲ್ಲಿಗೆ ಮಾತು ಮುಗೀತು. ನೀವಿದ್ರ ಮಧ್ಯಾಹ್ನ ಒಂದು ಮಾತಿಗಾದ್ರೂ ಆಗ್ತಿತ್ತು.”

ಅಂಬಾ ಕೊಡ ಎತ್ತಲು ಬಾಗಿ ಕೈ ಹಿಂದಕ್ಕೆ ತೆಗೆದಳು. ನರ್ಮದಾಳ ಭುಜ ಮುಟ್ಟಬೇಕೆನಿಸಿತು. ಆದರೆ ನರ್ಮದಾ ಮಡಿಯಲ್ಲಿದ್ದಳು.

ಹುಣ್ಣಿಮೆಗೆ ಎರಡು ದಿನವಿರುವಾಗ ಶಾಲೆಯ ಅಂಗಳದಲ್ಲಿ ಅವಳು ಭಾಮಾಳನ್ನು ಕರೆದಳು. ಭಾಮಾ ಗೆಳತಿಯರನ್ನು ಬಿಟ್ಟು ಬೇವಿನ ಮರದ ಹಿಂದೆ ಬಂದು, ಮರಾಠಿಯಲ್ಲಿ, “ಏನು ಬಾಯಿ?” ಎಂದಳು. ಶಾಲೆಯಲ್ಲಿ ಅವಳು ಅತ್ತೆಯನ್ನು ಅತ್ಯಾ ಎನ್ನುತ್ತಿರಲಿಲ್ಲ.

“ನಿಂದ್ರತೀಯೇನು, ಭಾಮಾ?”

“ಅಪ್ಪಾ ಬ್ಯಾಡ ಅಂದಾನ.”

“ಅಪ್ಪನ್ನ ನಾ ಕೇಳಲಿಲ್ಲ.”

ಭಾಮಾ ಮರದ ತೊಗಟೆ ಕೆರೆದಳು. “ಎರಡನೇ ಇಯತ್ತೇ ಒಳಗ ಒಮ್ಮೆ ಬಾಯಿತಪ್ಪಿ ‘ನೀರು’ ಅಂದಿದ್ದೆ. ಆರು ತಿಂಗಳು ನನಗ ಕಾನಡಿ ಕಾನಡಿ ಅಂತ ಕರದ್ರು. ಡಬ್ಬಿ ಬಿಚ್ಚಿದ್ರ ಬಾಜೂಕ ಯಾರೂ ಬರ್ತಿದ್ದಿಲ್ಲ. ಮೊದಲನೇ ನಂಬರ್ ಬಂದ ಮ್ಯಾಲ ಬಿಟ್ರು.”

“ಈಗೂ ಮೊದಲನೇ ನಂಬರ್ ಇದ್ದೀಯಲ್ಲ.”

“ಇರ್ತೀನಿ. ನಿಮ್ಮ ಕೋಣ್ಯಾಗ ಹೋದ್ರ ಯಾರ ನಡುವ ಮೊದಲನೇ ನಂಬರ್?” ಕೇಳಿ ಅವಳೇ ನಾಚಿದಳು. “ನೋಡ್ತೀನಿ ಅತ್ಯಾ. ನಿಂದ್ರತೀನಿ. ಬಹುಶಃ ನಿಂದ್ರತೀನಿ.”

ಗಂಟೆಯಾಯಿತು. ಓಡಿಹೋದಳು.

ಹುಣ್ಣಿಮೆಯ ದಿನವೂ ಜೇಜುರಿಗೆ ಹೋದವರು ಬರಲಿಲ್ಲ. ಸಂಜೆ ಗೌರಾಬಾಯಿ ಶಾಯಿದೌತಿ ಮುಂದಿಟ್ಟಳು. “ಈಗ ನಿರ್ಧಾರ ಮಾಡಿ ಬಾಯಿ. ಹದಿನೇಳಕ್ಕೆ ಎಂಟು ಸೇರಿಸುವುದಾದರೆ ಈ ಹದಿನಾಲ್ಕು ತೆಗೆಯಲೇಬೇಕು.”

ಅಂಬಾ ಅಳತೆಗೋಲಿಟ್ಟು ಒಂದೊಂದೇ ಹೆಸರಿನ ಮೇಲೆ ಕೆಂಪು ಗೀಟು ಎಳೆದಳು. ಆರನೆಯ ಇಯತ್ತೆಯ ಜಾಣೆಯರು ನಾಲ್ವರೂ ಅದರಲ್ಲೇ ಇದ್ದರು. ಗೌರಾಬಾಯಿ ಪ್ರತಿ ಗೀಟಿನ ಕೊನೆಗೂ ಸಹಿ ಹಾಕುತ್ತ ಹೋದಳು. ಹದಿನಾಲ್ಕನೆಯದು ಮುಗಿದ ಮೇಲೆ, “ಚಹಾ ಕುಡಿಯುತ್ತೀರಾ?” ಎಂದು ಕೇಳಿದಳು. ಅಂಬಾ ಹೊರಗೆ ಚಹಾ ಕುಡಿಯುವವಳಲ್ಲವೆಂದು ಅವಳಿಗೆ ಗೊತ್ತಿತ್ತು.

ತಪಾಸಣೆಯ ಸಾಹೇಬರು ತೆಳ್ಳಗಿನ, ಕೆಮ್ಮಿನ ಮನುಷ್ಯ. ಮುಂಜಾನೆ ಕನ್ನಡ ವರ್ಗಕ್ಕೆ ಒಬ್ಬ ದುಭಾಷಿ ಗುಮಾಸ್ತನೊಡನೆ ಬಂದರು. ಹದಿನೇಳು ಹುಡುಗಿಯರು ಕೂಸುಗಳಿಲ್ಲದೆ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಒಂಬತ್ತು ಜನ ಪಾಸಾದರು. ಪಾರವ್ವನ ಮಗ್ಗಿ ಕೇಳಿ ಸಾಹೇಬರು ತಲೆದೂಗಿದರು. ಆಮೇಲೆ ಮರಾಠಿ ಆರನೆಯ ಇಯತ್ತೆಗೆ ನಡೆದರು. ಗೌರಾಬಾಯಿ ಉಳಿದ ವರ್ಗಗಳ ಕನ್ನಡ ಮನೆಗಳ ಹುಡುಗಿಯರನ್ನೂ ಅಲ್ಲಿಗೇ ಕರೆಸಿ ಕೂರಿಸಿದ್ದಳು. ಅಂಬಾ ಬಾಗಿಲ ಹೊರಗೆ ನಿಂತಳು.

ಭೂಗೋಳ, ಕವಿತೆ, ಲೆಕ್ಕ, ಎಲ್ಲದಕ್ಕೂ ಭಾಮಾಳ ಉತ್ತರ ಮೊದಲು ಬಂತು. ಕೊನೆಗೆ ಗೌರಾಬಾಯಿ ಏನೋ ಹೇಳಿದಳು. ಸಾಹೇಬರು ಕಾಗದ ತೆಗೆದು, “ಯಾರ ಮನೆಯಲ್ಲಿ ಕನ್ನಡ ಮಾತಾಡುತ್ತಾರೋ ಅವರು ಎದ್ದು ನಿಲ್ಲಿ,” ಎಂದರು.

ಯಾರೂ ಅಲುಗಲಿಲ್ಲ. ಸಾವಂತ್ರವ್ವ ಬೆಂಚಿನಿಂದ ಅರ್ಧ ಎದ್ದಳು. ಎದ್ದು ಭಾಮಾಳ ಕಡೆ ನೋಡಿದಳು. ಭಾಮಾ ಬಾಗಿಲ ಕಡೆ ನೋಡಿದಳು. ಅತ್ತೆ ಕಂಡಳು. ಭಾಮಾ ಮುಂದಿದ್ದ ಪುಸ್ತಕ ತೆರೆದು ತಲೆ ಬಗ್ಗಿಸಿದಳು. ಸಾವಂತ್ರವ್ವ ಸೀರೆಯ ನೆರಿಗೆ ಸರಿಮಾಡಿಕೊಳ್ಳಲೆಂದೇ ಎದ್ದವಳಂತೆ ಸರಿಮಾಡಿಕೊಂಡು ಕೂತಳು.

“ಯಾರೂ ಇಲ್ಲ,” ಎಂದು ಸಾಹೇಬರು ಬರೆದುಕೊಂಡರು. ಬಾಗಿಲಲ್ಲಿ ಹೊರಡುವಾಗ ಗೌರಾಬಾಯಿಗೆ ಹೇಳಿದರು: “ಶನಿವಾರದವರೆಗೆ ನಾನು ಪುಣೆಯಲ್ಲೇ ಇದ್ದೇನೆ. ಪಟ್ಟಿಯಲ್ಲಿ ಹೆಸರಿದ್ದು ಇಂದು ಗೈರಾದವರನ್ನು ಕಚೇರಿಗೆ ಕಳಿಸಿದರೆ ಅಲ್ಲೇ ಪರೀಕ್ಷೆ ತೆಗೆದುಕೊಳ್ಳುತ್ತೇನೆ.” ಗೌರಾಬಾಯಿ ಅಂಬಾಳ ಕಡೆ ನೋಡದೆ, “ಹೌದು ಸಾಹೇಬ್,” ಎಂದಳು.

ಆ ಸಂಜೆ ಭಾಮಾ ಊಟಕ್ಕೆ ಬರಲಿಲ್ಲ. ವಿಷಯ ತಿಳಿದ ನರ್ಮದಾ ಅವಳ ರಟ್ಟೆ ಹಿಡಿದು ಎಳೆತಂದಳು.

“ಒಂದು ಗಳಿಗೆ ಎದ್ದು ನಿಂತಿದ್ರ ನಿನ್ನ ಗಂಟೇನು ಹೋಗ್ತಿತ್ತ?”

“ನೀನೂ ಬ್ಯಾಡ ಅಂದಿದ್ಯಲ್ಲ, ಅವ್ವಾ!”

“ನಾ ಬ್ಯಾಡ ಅಂದದ್ದು ಅಡಿಗಿಮನ್ಯಾಗ. ನೀ ಕೂತದ್ದು ಎಲ್ಲಿ, ಸಾಹೇಬನ ಮುಂದ!”

“ಹೊಡೀಬ್ಯಾಡ ಆಕೀನ್ನ,” ಎಂದಳು ಅಂಬಾ.

ರಾಘಣ್ಣ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದ. “ಅಕ್ಕಾ, ಹೋಗ್ಲಿ ಬಿಡು. ನಾ ಇದ್ದೀನಲ್ಲ.”

“ಇದ್ದೀಯಪಾ.”

“ಏನಾತು?” ಎಂದು ಮುದುಕಿ ಕೇಳಿದಳು. ಯಾರೂ ಕೂಗಿ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ, ಕನ್ನಡ ವರ್ಗದ ಬಾಗಿಲಲ್ಲಿ ಗದ್ದಲವಾಯಿತು. ಹದಿನಾಲ್ಕು ಹುಡುಗಿಯರು ಹಣೆತುಂಬ ಅರಿಸಿಣದ ಭಂಡಾರ ಬಳಿದುಕೊಂಡು ನಿಂತಿದ್ದರು. ಹಿಂದೆ ಅವರ ತಾಯಂದಿರು, ತಲೆಯ ಮೇಲೆ ಗಂಟುಗಳು. ದಾರಿಯಲ್ಲಿ ಒಂದು ಕೆರೆಯ ಒಡ್ಡು ಕಟ್ಟುವ ಕೆಲಸ ಸಿಕ್ಕಿತ್ತಂತೆ. ಅದಕ್ಕೆ ಎಂಟು ದಿನ ತಡವಾಯಿತಂತೆ. ಕಲ್ಲವ್ವ ಭಟ್ಟಿಯಿಂದ ಹಾಗೆಯೇ ಓಡಿಬಂದಿದ್ದಳು, ಮೊಣಕೈವರೆಗೆ ಸುಣ್ಣ.

“ನೋಡ್ರಿ ಬಾಯಾರ, ಬಂದ್ರಲ್ರಿ! ನಾ ಹೇಳಿದ್ದಿಲ್ಲ?”

ಅಂಬಾ ಅವರನ್ನು ಸಾಲು ಮಾಡಿಸಿ ಗೌರಾಬಾಯಿಯ ಕೋಣೆಗೆ ಕರೆದೊಯ್ದಳು. “ನಾಳೆ ಶನಿವಾರ. ಕಚೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಇವರಲ್ಲಿ ಏಳು ಜನ ಪಾಸಾದರೆ ಸಾಕು, ಮೂವತ್ತೊಂದಕ್ಕೆ ಹದಿನಾರು.”

ಗೌರಾಬಾಯಿ ಪಟ್ಟಿ ತೆಗೆದಳು. ಗೀಟುಗಳ ಕೊನೆಯ ತನ್ನ ಸಹಿಗಳನ್ನು ತೋರಿಸಿದಳು. “ಹೆಸರೇ ಇಲ್ಲವಲ್ಲ ಬಾಯಿ. ಹೊಸ ಪ್ರವೇಶ ಇನ್ನು ಜೂನ್‌ಗೆ.”

“ನಾಲ್ಕು ದಿನ. ನಾಲ್ಕೇ ದಿನ ತಡೆದಿದ್ದರೆ…”

“ಗೀಟು ಎಳೆಯಿರಿ ಅಂತ ಹೇಳಿದವಳು ನಾನೇ.” ಗೌರಾಬಾಯಿಯ ದನಿ ಮೊದಲ ಸಲ ತಗ್ಗಿತ್ತು. “ಆ ಲೆಕ್ಕ ಹೇಳಿಕೊಟ್ಟವಳೂ ನಾನೇ.”

ಜೀವನದುದ್ದಕ್ಕೂ ಕಾಯುವುದನ್ನೇ ಕಲಿತಿದ್ದ ಅಂಬಾ ಒಂದೇ ಒಂದು ಸಲ ಕಾಯದೆ ಕೆಲಸ ಮಾಡಿದ್ದಳು.

ಪುಷ್ಯ ಮಾಸದಲ್ಲಿ ಹುಕುಂ ಬಂತು. ಕನ್ನಡ ವರ್ಗ ಬಂದ್. ಮರಾಠಿ ತಿಳಿಯುವ ಹುಡುಗಿಯರನ್ನು ಮರಾಠಿಯ ಎರಡನೆಯ ಇಯತ್ತೆಗೆ ಹಾಕಬಹುದು. ಶಿಕ್ಷಕಿಯನ್ನು ತಿಂಗಳ ಕೊನೆಗೆ ಬಿಡಿಸತಕ್ಕದ್ದು. ಹದಿಮೂರರ ಮಗ್ಗಿ ಬಲ್ಲ ಪಾರವ್ವ ಆರೇಳು ವರ್ಷದ ಮಕ್ಕಳ ನಡುವೆ ಕೂಡುವ ಹುಡುಗಿಯಲ್ಲ ಎಂಬುದು ಅಂಬಾಗೆ ಗೊತ್ತಿತ್ತು.

ಕೊನೆಯ ದಿನ ಅವಳು ಸಂಜೆ ಮನೆಗೆ ಹೋಗದೆ ಕಾಲುವೆ ದಂಡೆಗೆ ನಡೆದಳು. ದೊಡ್ಡವರೆಲ್ಲ ಇನ್ನೂ ಭಟ್ಟಿಯ ಮೇಲಿದ್ದರು. ಗುಡಿಸಲುಗಳ ಮುಂದೆ ಮಕ್ಕಳು ಮಾತ್ರ. ಅವಳನ್ನು ಕಂಡದ್ದೇ ಆಟ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು, ಯಾರೂ ಹೇಳದೆ ಮೂರು ಸಾಲಾಗಿ ನೆಲದ ಮೇಲೆ ಕೂತುಬಿಟ್ಟರು. ಉಕ್ತಲೇಖನಕ್ಕೆ ಬಂದಿದ್ದಾಳೆಂದು ತಿಳಿದಿದ್ದರು. ಎಣಿಸಿದಳು. ಮೂವತ್ತೊಂದು ಜನ ಇದ್ದರು.

ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಅಳಬಾರದು, ಅಂಜಬಾರದು, ಮನೆಯಲ್ಲಿ ಓದು ಬಿಡಬಾರದು. ಈಗ ಒಂದೂ ನೆನಪಾಗಲಿಲ್ಲ.

“ನಾಳಿಯಿಂದ ಸಾಲಿ ಇಲ್ಲ,” ಎಂದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

“ನಾಡದೂ ಇಲ್ರೇನ್ರಿ?” ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

“ನಾಡದೂ ಇಲ್ಲ.”

“ಮುಂದಿನ ವಾರ?”

“ಇಲ್ಲ.”

“ಹೋ!” ಎಂದು ಮೂವತ್ತೊಂದು ಜನವೂ ಒಮ್ಮೆಲೇ ಕೂಗಿದರು. ಕೂಸುಗಳೂ ಕೂಗಿದವು. ಸಾಲು ಮುರಿಯಿತು. ಲಂಗ ಎತ್ತಿ ಕಟ್ಟಿ, ಒಬ್ಬರನ್ನೊಬ್ಬರು ದೂಡುತ್ತ ಕಾಲುವೆಯ ಕಡೆ ಓಡಿದರು. ಸುಣ್ಣದ ಧೂಳು ಎದ್ದಿತು. ನಗುವಿನ ನಡುವೆ ಯಾರೋ ಮಗ್ಗಿಯ ರಾಗದಲ್ಲಿ “ಸಾಲಿ ಇಲ್ಲ, ಸಾಲಿ ಇಲ್ಲ” ಎಂದು ಹಾಡತೊಡಗಿದ್ದಳು.

ಪಾರವ್ವ ಸ್ವಲ್ಪ ದೂರ ಓಡಿದವಳು ತಿರುಗಿ ನಿಂತಳು. ತಮ್ಮ ಭಾರವಾಗಿದ್ದನೋ ಏನೋ, ಏದುಸಿರು ಬಿಡುತ್ತಿದ್ದಳು.

“ಬಾಯಾರ, ಮತ್ತ ನಾಳಿ ನೀವು ಎಲ್ಲಿ ಹೊಕ್ಕೀರಿ?”

“ನಾನು? ಮನ್ಯಾಗ ಇರ್ತೀನಿ.”

“ಚಲೋ ಆತ ಬಿಡ್ರಿ,” ಎಂದು ಪಾರವ್ವ ನಕ್ಕು, ಕೂಸನ್ನು ಮೇಲೆ ಜಗ್ಗಿಕೊಂಡು, ಉಳಿದವರ ಹಿಂದೆ ಓಡಿದಳು.